ತಟ್ಟೆಯ ಹಿಂಬದಿ

"ಗುರುಗಳೇ, ತಂಬೂರಿ ಹಿಡಿದು ಹಾಡಿದರೆ ಹುಡುಗರು ಎದ್ದು ಹೋಗುತ್ತಾರೆ. ಅವರ ತಾಳಕ್ಕೆ ಹಾಡಿದರೆ ಹಿರಿಯರು ಮುಖ ಸಿಂಡರಿಸುತ್ತಾರೆ. ನಾನು ಯಾರ ಕಡೆ ನಿಲ್ಲಲಿ?" ಎಂದು ಶಿಷ್ಯ ಸಂಗಯ್ಯ ಕೇಳಿದ.

"ನಿಲ್ಲುವುದು ಆಮೇಲೆ, ಮೊದಲು ಕೂತುಕೋ" ಎಂದು ಗುರುಗಳು ನಕ್ಕು ಕತೆ ಶುರುಮಾಡಿದರು.

ಜಮೈಕಾ ಎಂಬ ದ್ವೀಪದಲ್ಲಿ ಒಬ್ಬ ಗಾಯಕನಿದ್ದ. ರೆಗೆ ಎನ್ನುವ ಅಲ್ಲಿಯ ಹಾಡು ಹಾಡುತ್ತಿದ್ದ. ಗುಲಾಮರಾಗಿ ಸಂಕೋಲೆ ತೊಟ್ಟು ಹಡಗಿನಲ್ಲಿ ಬಂದ ಹಿರಿಯರ ನೋವು, ದೇವರ ಮೇಲಿನ ನಂಬಿಕೆ, ಇವೇ ಅವನ ಹಾಡು. ದನಿಯೋ, ಬೆಣ್ಣೆ. ಅಲ್ಲಿಯ ಜನ ಅಂಗಳದಲ್ಲಿ ಆಳೆತ್ತರ ಸ್ಪೀಕರ್ ಪೆಟ್ಟಿಗೆ ಪೇರಿಸಿ, ಗ್ರಾಮಫೋನ್ ತಟ್ಟೆ ಹಾಕಿ ಕುಣಿಯುತ್ತಾರೆ. ತಟ್ಟೆಯ ಒಂದು ಬದಿಗೆ ಹಾಡು. ಹಿಂಬದಿಗೆ ಅದೇ ಹಾಡಿನ ವಾದ್ಯ ಮಾತ್ರ, ದನಿ ತೆಗೆದದ್ದು.

ಕಾಲ ತಿರುಗಿತು. ಯುವಕರು ಹಿಂಬದಿ ಹಾಕಿಸಿ, ಮೈಕು ಹಿಡಿದು, ಅದರ ಮೇಲೆ ಪಟಪಟನೆ ಮಾತು ಹೊಸೆಯತೊಡಗಿದರು. ಜನ ಹುಚ್ಚೆದ್ದು ಕುಣಿದರು. ಹಾಡಿನ ಬದಿ ಯಾರಿಗೂ ಬೇಡವಾಯಿತು. ಗಾಯಕ ತಾನೂ ಅವರಂತೆ ಅರಚಿ ನೋಡಿದ. ಗಂಟಲು ಕಟ್ಟಿತು, ಜನ ನಕ್ಕರು. ಪಾಪ, ಅವನಿಗೆ ಅಳುವೇ ಬಂತು. ಇನ್ನೊಂದು ಸಲ ಹಾಡುತ್ತೇನೆ, ಆಗಲೂ ನಕ್ಕರೆ ಹಾಡುವುದನ್ನೇ ಬಿಡುತ್ತೇನೆ ಎಂದುಕೊಂಡ.

ಮರುವಾರ ಸಂಜೆ ಅಂಗಳಕ್ಕೆ ಹೋಗಿ, "ನನ್ನ ತಟ್ಟೆಯ ಹಿಂಬದಿ ಹಾಕಣ್ಣ" ಎಂದ.

"ಅದರಲ್ಲಿ ನಿನ್ನ ದನಿಯೇ ಇಲ್ಲವಲ್ಲೋ ಮಾರಾಯ!" ಎಂದ ಪೆಟ್ಟಿಗೆಯ ಯಜಮಾನ.

"ಇಲ್ಲದ್ದಕ್ಕೇ ತಾನೆ ನಾನು ಬಂದದ್ದು?"

ತಟ್ಟೆಯ ಮೇಲೆ ಗ್ರಾಮಫೋನಿನ ಮುಳ್ಳು ಇಳಿಯಿತು. ಅವನು ಅರಚಲಿಲ್ಲ. ಅದೇ ಹಳೆಯ ನೋವನ್ನು ಅದೇ ದನಿಯಲ್ಲಿ ಒಂದು ಸಾಲು ಹಾಡುವುದು, ಸುಮ್ಮನಾಗುವುದು, ಮತ್ತೊಂದು ಸಾಲು ಹಾಡುವುದು. ಮೊದಲು ಯಾರೂ ಕುಣಿಯಲಿಲ್ಲ. ಆದರೂ ಅವನು ಆ ಬಿಡುವನ್ನು ತುಂಬಲು ಹೋಗಲಿಲ್ಲ. ಕೊನೆಗೆ ಮಾತುಗಾರ ಯುವಕನೊಬ್ಬ ತಡೆಯಲಾರದೆ ಇನ್ನೊಂದು ಮೈಕು ಎತ್ತಿ, ಆ ಬಿಡುವಿನಲ್ಲಿ ಮಾತು ತೂರಿಸಿದ. ಗಾಯಕ ನಗುತ್ತಾ ಮುಂದಿನ ಸಾಲು ಎತ್ತಿಕೊಂಡ. ಗೋಡೆಗೆ ಒರಗಿದ್ದ ಮುದುಕಿಯರೂ ಕುಣಿಯಲು ಬಂದರು. ತಟ್ಟೆ ಮುಗಿದರೂ ಜನ ಬಿಡಲೊಲ್ಲರು. ಯಜಮಾನ ಮತ್ತೆ ಮತ್ತೆ ಮುಳ್ಳನ್ನು ಮೊದಲಿಗೆ ಇಟ್ಟ.

ಸಂಗಯ್ಯನ ಮುಖ ಅರಳಿತು. "ಹಾಗಾದರೆ ಗುರುಗಳೇ, ಅವನು ಕೊನೆಗೆ ಯಾರ ಕಡೆ ನಿಂತ?"

"ಅದಿರಲಿ ಕಣಯ್ಯ, ನಿನ್ನ ಹಾಡಿನಲ್ಲಿ ಆ ಹುಡುಗರಿಗೆ ಎಲ್ಲಿ ಜಾಗ ಬಿಟ್ಟಿದ್ದೀಯ, ಅದನ್ನು ಹೇಳು."