ಚಕ್ಕುಲಿ ಡಬ್ಬಿ ಕಾದ ಕಿತ್ತಳೆ

ನೆಗಡಿ ಹಿಡಿದ ಮೊಮ್ಮಗಳಿಗೆಂದು ತಂದ ಬೀಜವಿಲ್ಲದ ಕಿತ್ತಳೆಗಳಲ್ಲಿ ಅರ್ಧವನ್ನು ಭಾಗೀರಥಮ್ಮ ಬಿದಿರು ಬುಟ್ಟಿಯಲ್ಲಿಟ್ಟರು. ಉಳಿದವು ಕೆಡದಿರಲೆಂದು ಚಕ್ಕುಲಿಯ ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಳ ಒತ್ತಿದರು.

"ಡಬ್ಬಿಯಣ್ಣ, ಸ್ವಲ್ಪ ಗಾಳಿ ಬಿಡು. ನಮಗೆ ಮೈಯೆಲ್ಲ ಬೆವರುತ್ತಿದೆ," ಎಂದಿತು ಒಂದು ಕಿತ್ತಳೆ.

"ಗಾಳಿ ಬಿಟ್ಟರೆ ಚಕ್ಕುಲಿ ಮೆತ್ತಗಾಗುತ್ತದೆ," ಎಂದಿತು ಡಬ್ಬಿ.

"ನಾವು ಚಕ್ಕುಲಿಯಲ್ಲ. ತಂಪಾಗಿ, ಗಾಳಿಯಾಡುವಲ್ಲಿ ಇದ್ದರೆ ನಮ್ಮ ರಸ ಆ ಮಗುವಿಗೆ ಶಕ್ತಿಯಾಗುತ್ತದೆ."

"ನಿಮಗೆ ಬೀಜವೂ ಇಲ್ಲ. ನೀವು ಹೋದರೆ ವಂಶವೇ ಮುಗಿಯಿತು. ನಿಮ್ಮನ್ನು ಇನ್ನೂ ಬಿಗಿಯಾಗಿ ಕಾಯಬೇಕು," ಎಂದು ಡಬ್ಬಿ ಮುಚ್ಚಳವನ್ನು ಕಚ್ಚಿ ಹಿಡಿಯಿತು.

ಬುಟ್ಟಿಯ ಹಣ್ಣು ಮುಗಿದ ದಿನ ಭಾಗೀರಥಮ್ಮ ಡಬ್ಬಿ ತೆರೆದರು. ಒಳಗೆಲ್ಲ ಹಸಿರು ಬೂಷ್ಟು. ಹಣ್ಣುಗಳನ್ನು ತಿಪ್ಪೆಗೆ ಸುರಿದು, ಡಬ್ಬಿಯನ್ನು ತಿಕ್ಕಿ ಬಿಸಿಲಿಗಿಟ್ಟರು. ಬುಟ್ಟಿಯೂ ಅಲ್ಲೇ ಒಣಗುತ್ತಿತ್ತು.

ಡಬ್ಬಿಗೆ ತಲೆಬುಡ ಅರ್ಥವಾಗಲಿಲ್ಲ. "ಬುಟ್ಟಿಯಕ್ಕಾ, ನಿನ್ನ ಮೈತುಂಬ ತೂತು. ಆದರೂ ನಿನ್ನಲ್ಲಿದ್ದವು ಮಗುವಿನ ಹೊಟ್ಟೆ ಸೇರಿದವು. ನಾನು ಎಲ್ಲಾದರೂ ಒಂದು ಸಂದು ಬಿಟ್ಟಿದ್ದೆನೇ?"

"ಇಲ್ಲ ತಮ್ಮಾ," ಎಂದಿತು ಬುಟ್ಟಿ, "ಒಂದೂ ಬಿಡಲಿಲ್ಲ."