ಬಿಡಿಸದೆ ಬಿಟ್ಟ ಹೂವು

ಶಿಷ್ಯನೊಬ್ಬ ಗುರುಗಳ ಮುಂದೆ ಕುಳಿತು ಕೇಳಿದ: “ಗುರುಗಳೇ, ನಾನು ಯಾರಿಗೂ ಕೆಟ್ಟ ಮಾತು ಆಡಿದವನಲ್ಲ. ನಮ್ಮ ಮನೆಯ ಸಮಾರಂಭದಲ್ಲಿ ನನ್ನ ಸೋದರತ್ತೆಯನ್ನು ಊಟದ ಪಂಕ್ತಿಯಿಂದ ಎಬ್ಬಿಸಿದರು. ನಾನು ಪಕ್ಕದಲ್ಲೇ ಇದ್ದೆ, ಸುಮ್ಮನಿದ್ದೆ, ಅಷ್ಟೆ. ಎಬ್ಬಿಸಿದವರ ಜೊತೆ ಅತ್ತೆ ಈಗಲೂ ಮಾತಾಡುತ್ತಾರೆ. ಮಾತು ಬಿಟ್ಟಿರುವುದು ನನ್ನೊಬ್ಬನ ಜೊತೆ. ಇದು ಯಾವ ನ್ಯಾಯ?”

ಗುರುಗಳು ಹೇಳಿದರು.

ಒಂದೂರಿನಲ್ಲಿ ಒಬ್ಬ ಹೆಂಗಸಿದ್ದಳು. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡ. ಅವನ ಪಾಲಿಗೆ ಬಂದ ಕಲ್ಲುಹೊಲವೊಂದು ಅವಳಿಗೆ ಉಳಿಯಿತು. ಅಲ್ಲಿ ಹೂವು ಬೆಳೆಯುತ್ತೇನೆ ಎಂದಾಗ ಗಂಡನ ಅಣ್ಣ, ಅಂದರೆ ಅವಳ ಭಾವ, ಜಗಲಿಯ ಮೇಲೆ ಕೂತು ನಾಲ್ಕು ಜನರ ಮುಂದೆ ನಕ್ಕ. “ಮುಡಿಯೋ ಭಾಗ್ಯ ಇಲ್ಲದವಳು ಬೆಳೆದು ಏನು ಮಾಡ್ತಾಳೆ? ಬರೋ ಮಳೆಗಾಲದ ಹೊತ್ತಿಗೆ ನಮ್ಮ ಹಿತ್ತಲಲ್ಲಿ ಪಾತ್ರೆ ತಿಕ್ತಿರ್ತಾಳೆ, ನೋಡ್ತಾ ಇರಿ” ಅಂದ.

ಮಳೆಗಾಲ ಬಂತು, ಹೋಯಿತು. ಅವಳು ಯಾರ ಹಿತ್ತಲಿಗೂ ಹೋಗಲಿಲ್ಲ. ಕಲ್ಲು ಆಯ್ದು ಬದು ಹಾಕಿದಳು. ಬೀಜದ ಪೊಟ್ಟಣದ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಲು ಕಲಿತಳು. ಸೀರೆಯ ಮೇಲೆ ಗಂಡನ ಹಳೆಯ ಅಂಗಿ ತೊಟ್ಟು, ಬೆಳಕು ಹರಿಯುವ ಮುಂಚೆ ಚೆಂಡುಹೂವು ಬಿಡಿಸಿ, ಬುಟ್ಟಿ ಹೊತ್ತು ಪೇಟೆಗೆ ನಡೆದಳು. ಊರಿನ ಮದುವೆಗಳಿಗೆ, ಗುಡಿಗೆ, ಕೊನೆಗೆ ಭಾವನ ಮನೆಯ ದೇವರ ಗೂಡಿಗೂ ಅವಳ ಹೂವೇ ಹೋಗತೊಡಗಿತು. ತನ್ನ ಮಾತು ಸುಳ್ಳಾಯಿತಲ್ಲ ಎಂದು ಭಾವ ಒಂದು ದಿನವೂ ಹೇಳಲಿಲ್ಲ. ಅಂಥವರು ಹೇಳುವುದಿಲ್ಲ.

ಆ ಮನೆಯಿಂದ ಅವಳ ಹೊಲಕ್ಕೆ ಬರುತ್ತಿದ್ದವಳು ಒಬ್ಬಳೇ, ಭಾವನ ಮಗಳು. ಅವಳು ನಡೆಯಲು ಕಲಿತದ್ದು ಆ ಗಿಡಗಳ ಸಾಲಿನಲ್ಲಿ. ಹೆಂಗಸಿಗೆ ಮಕ್ಕಳಿರಲಿಲ್ಲ. ಈ ಹುಡುಗಿ ‘ಚಿಕ್ಕಮ್ಮ’ ಎಂದು ಕೂಗಿದರೆ, ಹಿಡಿದ ಗುದ್ದಲಿಯನ್ನು ಹಿಡಿದಲ್ಲೇ ಬಿಟ್ಟು ಬರುತ್ತಿದ್ದಳು.

ಹುಡುಗಿಗೆ ಮದುವೆ ಗೊತ್ತಾಯಿತು. ಈಗ ಮದುವೆಗೆ ಮೊದಲೇ ಗಂಡು ಹೆಣ್ಣು ಜೊತೆಯಾಗಿ ನಿಂತು ಫೋಟೊ ತೆಗೆಸಿಕೊಳ್ಳುವುದು ಬಂದಿದೆಯಲ್ಲ. ಹುಡುಗಿ ಬೇರೆ ಜಾಗ ಬೇಡವೆಂದಳು. ಚೈತ್ರದಲ್ಲಿ, ಚಿಕ್ಕಮ್ಮನ ಹೊಲದಲ್ಲೇ, ಹೂವಿನ ನಡುವೆಯೇ ತೆಗೆಯಬೇಕು ಎಂದು ಹಟ ಹಿಡಿದಳು. ಫೋಟೊ ತೆಗೆಯುವವನು ಮೊದಲೇ ಬಂದು ಹೊಲ ನೋಡಿದ. “ಅಮ್ಮ, ಆ ದಿನದ ತನಕ ಒಂದು ಹೂವೂ ಕೀಳಬೇಡಿ. ಹೊಲ ಪೂರ್ತಿ ಹಳದಿ ಇರಬೇಕು” ಎಂದ.

ಚೆಂಡುಹೂವಿನ ಗಿಡದಲ್ಲಿ ಹೂವನ್ನು ಬಿಡಿಸದೆ ಬಿಟ್ಟರೆ ಅದು ಬೀಜ ಕಟ್ಟಲು ಹೊರಡುತ್ತದೆ, ಹೊಸ ಮೊಗ್ಗು ಇಡುವುದನ್ನು ಬಿಡುತ್ತದೆ. ಇದು ಅವನಿಗೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ಯುಗಾದಿ ಹತ್ತಿರವಾಗಿ ಹೂವಿಗೆ ಬೇಡಿಕೆ ಇದ್ದ ಕಾಲ ಅದು. ಆದರೂ ಆಗಲಿ ಎಂದಳು. ಹುಡುಗಿಯ ಸೀರೆಯ ಅಂಚು ಗಿಡಕ್ಕೆ ತಾಗದಿರಲೆಂದು ನಡುವಿನ ಒಂದು ಸಾಲನ್ನೇ ಕಿತ್ತು ದಾರಿ ಮಾಡಿದಳು. ಕಾಲಿಗೆ ಕೆಸರಾಗಬಾರದೆಂದು ಅಲ್ಲಿಗೆ ನೀರು ಬಿಡುವುದನ್ನು ನಿಲ್ಲಿಸಿದಳು. ಬಿಸಿಲು ಯಾವ ಹೊತ್ತಿಗೆ ಯಾವ ಕಡೆಯಿಂದ ಬೀಳುತ್ತದೆ ಎಂದು ಅವಳೂ ಹುಡುಗಿಯೂ ಬದುವಿನ ಮೇಲೆ ನಿಂತು ನೋಡಿದರು.

“ಒಂದು ಫೋಟೊದಲ್ಲಿ ನೀನೂ ಇರಬೇಕು ಚಿಕ್ಕಮ್ಮ. ಅವತ್ತಾದ್ರೂ ಆ ಅಂಗಿ ತೆಗೆದಿಟ್ಟು ಬಾ” ಎಂದಳು ಹುಡುಗಿ.

“ಅಂಗಿ ಇಲ್ದೆ ಬಂದ್ರೆ ಗಿಡಗಳಿಗೆ ನನ್ನ ಗುರುತು ಸಿಗಲ್ಲ ಕಣೆ. ಯಾರೋ ನೆಂಟರು ಬಂದ್ರು ಅನ್ಕೋತಾವೆ” ಎಂದು ಹೆಂಗಸು ನಕ್ಕಳು. ಆ ರಾತ್ರಿಯೇ ಪೆಟ್ಟಿಗೆಯಿಂದ ಒಳ್ಳೆಯ ಸೀರೆಯೊಂದನ್ನು ತೆಗೆದು ಹೊರಗಿಟ್ಟಳು.

ಫೋಟೊದ ಹಿಂದಿನ ದಿನ ಭಾವನ ಹೆಂಡತಿ ಮಗಳನ್ನು ಕರೆದುಕೊಂಡು ಹೊಲಕ್ಕೆ ಬಂದಳು. ಹೊಲ ಹೊತ್ತಿಕೊಂಡಂತೆ ಹಳದಿಯಾಗಿತ್ತು. ಅವಳು ಬದುವಿನ ಮೇಲೇ ನಿಂತು ಹೇಳಿದಳು: “ತಪ್ಪು ತಿಳ್ಕೋಬೇಡ. ನಾಳೆ ಬೀಗರು ಬರ್ತಾರೆ. ಮದುವೆಯ ಮೊದಲನೇ ಕೆಲಸ. ನೀನು ನಾಳೆ ಒಂದು ದಿನ ಈ ಕಡೆ ಬರಬೇಡ, ನಿನ್ನ ಭಾವನೂ ಅದೇ ಅಂದ್ರು. ಎದುರಿಗೆ ಸಿಕ್ಕಿಬಿಟ್ರೆ ಅವರು ಏನಾದ್ರೂ ಅಂದಾರು.”

ಹೆಂಗಸಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮೈಯೆಲ್ಲ ಉರಿಯಿತು. ಗಂಡ ಸತ್ತದ್ದು ಜ್ವರದಿಂದ. ಅವಳು ಅವನ ತಲೆಯ ಮೇಲೆ ಒದ್ದೆಬಟ್ಟೆ ಹಾಕುತ್ತ ಕೂತಿದ್ದಳು. ಅದರಲ್ಲಿ ಅವಳು ಮಾಡಿದ ಅಪರಾಧ ಯಾವುದು?

“ನನ್ನ ಹೊಲಕ್ಕೆ ನಾನೇ ಬರಬಾರದಾ ಅಕ್ಕ? ಈ ಗಿಡ ನೆಟ್ಟದ್ದು ಯಾರ ಕೈ? ದಿನಾ ನಿಮ್ಮ ದೇವರ ತಲೆ ಮೇಲೆ ಕೂರೋ ಹೂವು ಯಾರ ಕೈಯಿಂದ ಬರ್ತದೆ?”

“ಹೂವಿಗೇನು ದೋಷ? ನೀರು ಚಿಮುಕಿಸಿದ್ರೆ ಆಯ್ತು” ಎಂದಳು ಭಾವನ ಹೆಂಡತಿ.

ಇಷ್ಟು ವರ್ಷ ತನ್ನ ಹೂವಿನ ಮೇಲೆ ಆ ಮನೆಯಲ್ಲಿ ನೀರು ಚಿಮುಕಿಸುತ್ತಿದ್ದರು ಎಂಬುದು ಅವಳಿಗೆ ತಿಳಿದದ್ದು ಆಗ.

ಅವಳು ಓರಗಿತ್ತಿಯನ್ನು ಬಿಟ್ಟು ಹುಡುಗಿಯ ಕಡೆ ತಿರುಗಿ ನೋಡಿದಳು. ಬಾಯಿ ತೆರೆದು ‘ಅಮ್ಮ, ಹಾಗನ್ನಬೇಡ’ ಎಂದಿದ್ದರೆ ಸಾಕಿತ್ತು. ಅಷ್ಟೂ ಬೇಡ, ತಲೆಯೆತ್ತಿ ಒಮ್ಮೆ ನೋಡಿದ್ದರೂ ಸಾಕಿತ್ತು. ಹುಡುಗಿ ಹತ್ತಿರದ ಹೂವೊಂದರ ಎಸಳು ಸವರುತ್ತ ನಿಂತಿದ್ದಳು. ತಾಯಿ ಹೊರಟಾಗ ಅವಳೂ ಹೊರಟಳು.

ಮರುದಿನ ಹೆಂಗಸು ಯಾವಾಗಲೂ ಏಳುವ ಹೊತ್ತಿಗೇ ಎದ್ದಳು. ಸೀರೆಯ ಮೇಲೆ ಅದೇ ಅಂಗಿ ತೊಟ್ಟಳು. ಬುಟ್ಟಿ ಹಿಡಿದು ಹೊಲದ ಮೊದಲ ಸಾಲಿನಿಂದ ಶುರು ಮಾಡಿದಳು. ಅರಳಿದ್ದು, ಬಲಿತದ್ದು, ಬಾಡಲು ಬಂದದ್ದು, ಯಾವುದನ್ನೂ ಬಿಡಲಿಲ್ಲ. ಬಿಸಿಲು ಏರುವ ಹೊತ್ತಿಗೆ ಹೊಲದಲ್ಲಿ ಸೊಪ್ಪಲ್ಲದೆ ಬೇರೇನೂ ಇರಲಿಲ್ಲ.

ಎರಡು ಕಾರು ಬಂದು ನಿಂತವು. ಬೀಗರು ಇಳಿದರು. ಫೋಟೊ ತೆಗೆಯುವವನು ಹೊಲ ನೋಡಿ, “ಇದರಲ್ಲಿ ಏನು ತೆಗೆಯೋದು ಸಾರ್, ಪಲ್ಯಕ್ಕೆ ಸೊಪ್ಪು ತೆಗೀಬೇಕಷ್ಟೆ” ಎಂದ. ಭಾವ ಮುಖ ಕಪ್ಪು ಮಾಡಿಕೊಂಡು ಕೂಗಿದ: “ಏನೇ ಇದು? ಹೂವೆಲ್ಲಿ?”

ಹೆಂಗಸು ನಡುಹೊಲದಲ್ಲಿ ನಿಂತಿದ್ದಳು. ಹುಡುಗಿಗಾಗಿ ತಾನೇ ಮಾಡಿದ್ದ ದಾರಿಯಲ್ಲಿ. “ಶುಭದ ಕೆಲಸಕ್ಕೆ ನಾನು ಬೇಡ ಅಂದ್ರಿ. ನನ್ನ ಕೈ ಸೋಕಿದ್ದನ್ನೆಲ್ಲ ತೆಗೆದಿದ್ದೀನಿ ಭಾವ. ಉಳಿದದ್ದರಲ್ಲಿ ಫೋಟೊ ತೆಗೆಸ್ಕೊಳ್ಳಿ” ಎಂದಳು. ಅವಳ ದನಿ ಏರಲಿಲ್ಲ.

ಹುಡುಗಿ ಅಳತೊಡಗಿದಳು. “ಚಿಕ್ಕಮ್ಮ, ನಾನೇನು ಮಾಡಿದ್ದೆ? ನಾನು ಒಂದು ಮಾತೂ ಅನ್ನಲಿಲ್ಲವಲ್ಲ” ಎಂದಳು.

ಹೆಂಗಸು ಬುಟ್ಟಿಯನ್ನು ತಲೆಗೇರಿಸಿಕೊಂಡು ಪೇಟೆಯ ದಾರಿ ಹಿಡಿದಳು.

ಬೀಗರು ಬೇರೊಂದು ತೋಟ ಹುಡುಕಿದರು. ಮದುವೆಯೂ ನಡೆಯಿತು. ಅವಳಿಗೆ ಕರೆ ಬರಲಿಲ್ಲ. ಬರುವುದೆಂದು ಅವಳು ಕಾದಿರಲೂ ಇಲ್ಲ. ಮೊಗ್ಗು ನಿಲ್ಲಿಸಿದ್ದ ಗಿಡಗಳನ್ನು ಕಿತ್ತು ಹೊಸ ಸಸಿ ನೆಟ್ಟಳು. ನಡುವೆ ಬಿಟ್ಟಿದ್ದ ದಾರಿಯಲ್ಲೂ ನೆಟ್ಟಳು. ಹುಡುಗಿಗೆ ಈಗ ಮಗುವಿದೆಯಂತೆ. ಹೆಂಗಸು ಅದರ ಮುಖ ನೋಡಿಲ್ಲ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯ ಸಮಾಧಾನವಿಲ್ಲದೆ ಕೇಳಿದ: “ಅವಮಾನ ಮಾಡಿದವಳು ತಾಯಿ. ಅದನ್ನು ಒಪ್ಪಿದವನು ತಂದೆ. ಹುಡುಗಿ ಏನೂ ಮಾಡಲಿಲ್ಲವಲ್ಲ ಗುರುಗಳೇ. ಅಷ್ಟು ಸಿಟ್ಟು ಸಾಧಿಸಿ ಆ ಹೆಂಗಸಿಗೆ ಕೊನೆಗೆ ಉಳಿದದ್ದಾದರೂ ಏನು?”

ಗುರುಗಳೆಂದರು: “ಅವಳು ತಲೆಯೆತ್ತಿ ನಿಲ್ಲುವ ಹೊಲ ಇಂದಿಗೂ ಅವಳದೇ; ಅದಕ್ಕೆ ಅವಳು ತೆತ್ತದ್ದು, ಏನೂ ಮಾಡದ ಆ ಹುಡುಗಿಯನ್ನು.”