ತೂಕದ ಕಾಲಂ

ಮಕ್ಕಳ ವಾರ್ಡಿನ ಹಳೆ ರಿಜಿಸ್ಟರಿನಲ್ಲಿ 'ತೂಕ' ಎಂಬ ಕಾಲಂ ಮೂವತ್ತು ವರ್ಷ ದರ್ಬಾರು ನಡೆಸಿತ್ತು. ರಿಜಿಸ್ಟರು ಕಂಪ್ಯೂಟರಿಗೆ ಏರುವ ದಿನ ಆಸ್ಪತ್ರೆಯ ನಿಯಮಪುಸ್ತಕ ಎದುರು ಬಂದು ನಿಂತಿತು.

"ತೂಕದವರೇ, ಎಲ್ಲ ವಾರ್ಡಿಗೂ ತೂಕವೆಂದರೆ ಇನ್ನು ಕಿಲೋ. ತಾವೂ ಅದೇ ವಿವರಣೆ ತೊಟ್ಟು ಬನ್ನಿ. ತಮ್ಮ ಅಂಕಿಗಳು ಯಾವ ಅಳತೆಯವು?"

ತೂಕಕ್ಕೆ ಮೈಯೆಲ್ಲ ಉರಿಯಿತು. ನಿನ್ನೆ ಮೊನ್ನೆ ಅಚ್ಚಾದದ್ದು ತನ್ನ ಜಾತಕ ಕೇಳುವುದೇ!

"ನನ್ನ ಅಳತೆ ಈ ವಾರ್ಡಿನ ಗೋಡೆಗೂ ಗೊತ್ತು. ನನಗೆ ನನ್ನ ಹೆಸರೇ ಸಾಕು."

ಪುಸ್ತಕಕ್ಕೆ ಹೇಳುವ ಅಧಿಕಾರವಿತ್ತು, ತಡೆಯುವ ಅಧಿಕಾರವಿರಲಿಲ್ಲ. ತೂಕ ಹಾಗೆಯೇ ಕಂಪ್ಯೂಟರಿಗೆ ಏರಿತು.

ವಾರ್ಡಿನ ತಕ್ಕಡಿ ಹಳೆಯದು, ಪೌಂಡಿನದು. ಮರುದಿನ ಅಲ್ಲಿದ್ದ ಕೂಸೊಂದಕ್ಕೆ ಜ್ವರ ನೆತ್ತಿಗೇರಿತು. ಕೆಳಮಹಡಿಯಲ್ಲಿ ಮದ್ದು ಅಳೆಯುವವರು ಕೂಸಿನ ಮುಖ ಕಂಡವರಲ್ಲ. ಪರದೆಯ ಮೇಲೆ ಇಪ್ಪತ್ತೆರಡು ಎಂದಿತ್ತು. ಇಪ್ಪತ್ತೆರಡು ಕಿಲೋಗೆ ಅಳೆದು ಕಳಿಸಿದರು.

"ಪೌಂಡು! ಅದು ಪೌಂಡು! ಕಿಲೋದಲ್ಲಿ ಹತ್ತೇ!" ಎಂದು ತೂಕ ಪರದೆಯೊಳಗಿಂದ ಬಾಯಿ ಬಡಿದುಕೊಂಡಿತು. ಕಾಲಂ ಕೂಗಿದರೆ ಮನುಷ್ಯರಿಗೆ ಕೇಳುವುದಿಲ್ಲ, ಬರೆದದ್ದಷ್ಟೇ ಕಾಣುತ್ತದೆ.

ಸಂಜೆಯ ಹೊತ್ತಿಗೆ ಆ ಕೂಸಿನ ಸಾಲಿನ ಕೊನೆಯ ಕಾಲಂ ತುಂಬಿತು. ಅದು 'ಮರಣದ ದಿನಾಂಕ'. ನಿಯಮಪುಸ್ತಕದ ವಿವರಣೆಯನ್ನೇ ತೊಟ್ಟು ಬಂದಿದ್ದ ಅದನ್ನು ಯಾರೂ ತಪ್ಪಾಗಿ ಓದಲಿಲ್ಲ.